ಮ ರ ರ ಅಂದರೆ 755

ಹುಬ್ಬಳ್ಳಿಯ ವಿದ್ಯಾನಗರಕ್ಕೆ ಲಿನಕ್ಸ್ ಅಡ್ಮಿನಿಸ್ಟ್ರೇಶನ್, ಅಂದರೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಓಡುವ ಯಂತ್ರಗಳ ನಿರ್ವಹಣೆ ಕಲಿಯಲು ಗದಗ, ಹಾವೇರಿ, ರಾಣೆಬೆನ್ನೂರುಗಳಿಂದ ಬರುವ ಹುಡುಗರ ಬಾಯಲ್ಲಿ ಒಂದು ಸಂಖ್ಯೆ ಮಂತ್ರದಂತೆ ಓಡಾಡುತ್ತಿರುತ್ತದೆ: 777. ಫೈಲನ್ನು ಯಾರು ಓದಬಹುದು, ಯಾರು ಬದಲಿಸಬಹುದು ಎಂದು ಹೇಳುವ ಪರ್ಮಿಶನ್ ಸಂಖ್ಯೆಗಳಲ್ಲಿ ಇದು ಎಲ್ಲರಿಗೂ ಎಲ್ಲವನ್ನೂ ಬಿಟ್ಟುಕೊಡುವಂಥದ್ದು. ಫೈಲ್ ತೆರೆಯುತ್ತಿಲ್ಲವೇ? 777 ಕೊಡು. ವೆಬ್‌ಸೈಟಿನಲ್ಲಿ ಫೋಟೋ ಏರುತ್ತಿಲ್ಲವೇ? ಅದಕ್ಕೂ 777. "ಕೊಟ್ಟ ನೋಡ್ರಿ ಸರ್, ನಡೀತೈತಿ" ಎಂಬ ಸಾಕ್ಷಿ ಬೇರೆ. ಸರ್ವರ್ ರ‍್ಯಾಕಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದನ್ನೂ ಆಯುಧಪೂಜೆಯ ದಿನಗಳಲ್ಲಿ ಕಂಡಿದ್ದೇನೆ. ಅದರಿಂದ ಯಂತ್ರಕ್ಕೆ ಹಾನಿಯೇನಿಲ್ಲ. 777 ಹಾಗಲ್ಲ.

ಲಿನಕ್ಸ್ ಪ್ರಮಾಣಪತ್ರ ಕೊಡುವ ಎಂಟ್ರಿ ಲೆವೆಲ್ ಪರೀಕ್ಷೆಗಳಲ್ಲಿ ನಮ್ಮ ಕಡೆ ಹೆಚ್ಚಾಗಿ ಕೇಳಿಬರುವುದು ಎರಡು. ಎಲ್‌ಪಿಐಸಿ-1ರಲ್ಲಿ 101 ಮತ್ತು 102 ಎಂಬ ಎರಡು ಪತ್ರಿಕೆಗಳು, ಒಂದೊಂದಕ್ಕೂ 90 ನಿಮಿಷ, 60 ಪ್ರಶ್ನೆ. ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎಯಲ್ಲಿ ಟಿಕ್ ಹಾಕುವ ಪ್ರಶ್ನೆಯೇ ಇಲ್ಲ. ಯಂತ್ರದ ಮುಂದೆ ಕೂತು ಕೆಲಸ ಮಾಡಿ ತೋರಿಸಬೇಕು, 300ಕ್ಕೆ 210 ಬರಬೇಕು, ಮಾಡಿದ್ದೆಲ್ಲ ರೀಬೂಟ್ ಆದ ಮೇಲೂ ಉಳಿದಿರಬೇಕು. ಎರಡರ ಪಠ್ಯದಲ್ಲೂ ಫೈಲ್ ಪರ್ಮಿಶನ್ ಇದೆ. ಎರಡಕ್ಕೂ ಓದುವವರು ಅದನ್ನು ಕಂಠಪಾಠ ಮಾಡುತ್ತಾರೆ. ನನ್ನ ಸಿಟ್ಟು ಅಲ್ಲಿಂದಲೇ ಶುರು, ಏಕೆಂದರೆ ಈ ಗಣಿತವನ್ನು ಅವರು ಒಂಬತ್ತನೇ ಇಯತ್ತೆಯ ಕನ್ನಡ ಪಿರಿಯಡ್‌ನಲ್ಲೇ ಕಲಿತಿರುತ್ತಾರೆ.

ಛಂದಸ್ಸಿನ ಗಣಗಳನ್ನು ನೆನಪಿಡುವ ಸೂತ್ರ: ಯಮಾತಾರಾಜಭಾನಸಲಗಂ. ಒಂದು ಗಣಕ್ಕೆ ಮೂರು ಅಕ್ಷರ, ಪ್ರತಿಯೊಂದೂ ಗುರು ಇಲ್ಲವೇ ಲಘು. ಹಾಗಾಗಿ ಗಣ ಎಂಟೇ, ಒಂಬತ್ತನೆಯದು ಸಾಧ್ಯವಿಲ್ಲ. ಲಿನಕ್ಸ್ ಫೈಲಿನ ಪರ್ಮಿಶನ್ನೂ ಹೀಗೇ: ಓದುವುದು, ಬರೆಯುವುದು, ಚಲಾಯಿಸುವುದು ಎಂಬ ಮೂರು ಸ್ಥಾನ, ಪ್ರತಿ ಸ್ಥಾನದಲ್ಲೂ ಉಂಟು ಅಥವಾ ಇಲ್ಲ. ಉಂಟು ಅಂದರೆ ಗುರು, ಇಲ್ಲ ಅಂದರೆ ಲಘು ಎಂದಿಟ್ಟುಕೊಳ್ಳಿ. ಮೊದಲ ಸ್ಥಾನದ ಗುರುವಿಗೆ 4, ನಡುವಿನದಕ್ಕೆ 2, ಕೊನೆಯದಕ್ಕೆ 1. ಮೂರೂ ಗುರುವಾದ ಮ ಗಣ 7. ಮೂರೂ ಲಘುವಾದ ನ ಗಣ 0. ಗುರು ಮೊದಲಿಗಷ್ಟೇ ಬಂದರೆ ಭ ಗಣ, 4: ಓದಬಹುದು, ಅಷ್ಟೇ. ಗುರು-ಗುರು-ಲಘು ತ ಗಣ, 6. ಗುರು-ಲಘು-ಗುರು ರ ಗಣ, 5. ಫೈಲಿನ ಮಾಲೀಕ, ಅವನ ಗುಂಪು, ಉಳಿದವರು ಎಂದು ಮೂರು ಬಗೆಯ ಜನ, ಆದ್ದರಿಂದ ಮೂರು ಗಣ. 755 ಅಂದರೆ ಮ ರ ರ. 644 ಅಂದರೆ ತ ಭ ಭ. ಉತ್ಪಲಮಾಲೆಯ ಭ ರ ನ ಭ ಭ ರವನ್ನು ಹೀಗೆ ಎಣಿಸಿದರೆ 450445, ಕೊನೆಗೊಂದು ಲಘು, ಒಂದು ಗುರು. ಗದುಗಿನ ವೀರನಾರಾಯಣನ ಕವಿ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಭಾಮಿನಿ ಷಟ್ಪದಿ ಮಾತ್ರೆಗಳನ್ನು ಎಣಿಸುತ್ತದೆ. ಅಣ್ಣಿಗೇರಿಯ ನಂಟಿನ ಪಂಪನ ವೃತ್ತಗಳಾದರೆ ಸಲೀಸಾಗಿ ಸಿಗುತ್ತವೆ.

ಇಷ್ಟು ಹೇಳಿದ ಕೂಡಲೇ ತರಗತಿಯಲ್ಲಿ ಯಾರಾದರೊಬ್ಬರು "ಅಂದ್ರ ಕಂಪ್ಯೂಟರ್ ನಮ್ಮೋರ ಕಂಡುಹಿಡದಿದ್ರಲ್ರಿ" ಎನ್ನುತ್ತಾರೆ. ಇಲ್ಲ. ಛಂದಶ್ಶಾಸ್ತ್ರ ಬರೆದ ಪಿಂಗಳ ಗುರು-ಲಘುಗಳ ಪ್ರಸ್ತಾರ, ಅಂದರೆ ಅವುಗಳ ಎಲ್ಲ ಜೋಡಣೆಗಳ ಪಟ್ಟಿ, ಹಾಕಿದ್ದು ನಿಜ, ಅದು ದೊಡ್ಡ ಯೋಚನೆಯೇ. ಆದರೆ ಅವನಿಗೆ ಬೇಕಿದ್ದದ್ದು ಪದ್ಯ. ಎರಡೇ ಅಂಕಿಗಳ ಗಣಿತವನ್ನು ಲೈಬ್ನಿಜ್ 1703ರಲ್ಲಿ ಪ್ರಕಟಿಸಿದ. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಲಿನಕ್ಸಿನ ಪೂರ್ವಜ ಯುನಿಕ್ಸ್ ಬರೆಯಲು ಕೂತ ಪಿಡಿಪಿ-7 ಯಂತ್ರ ಒಮ್ಮೆಗೆ ಹಿಡಿಯುವ ತುಣುಕಿಗೆ (ವರ್ಡ್), 0 ಅಥವಾ 1 ಕೂರುವ 18 ಬಿಟ್‌ಗಳು. ಮೂರು ಮೂರಾಗಿ ಕತ್ತರಿಸಿದರೆ ಸರಿಯಾಗಿ ಆರು ಅಂಕಿ, ಒಂದೊಂದೂ 0ಯಿಂದ 7ರವರೆಗೆ. ಎಂಟರ ಎಣಿಕೆ ಅಲ್ಲಿ ಸಹಜವಾಗಿತ್ತು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಪ್ರಕಟಿಸಿದ ಲಿನಕ್ಸಿಗೂ ಅದೇ ಬಳುವಳಿ ಬಂತು.

ಗಣ ಗೊತ್ತಿದ್ದವರಿಗೆ ಯುಮಾಸ್ಕ್ ಗೊಂದಲವೇ ಅಲ್ಲ. ಹೊಸ ಫೈಲ್ ಹುಟ್ಟುವಾಗ ಪ್ರೋಗ್ರಾಂ ಸಾಮಾನ್ಯವಾಗಿ 666 ಕೇಳುತ್ತದೆ. ಅದರಲ್ಲಿ ಏನನ್ನು ಕೊಡಬಾರದು ಎಂದು ಯುಮಾಸ್ಕ್ ಹೇಳುತ್ತದೆ. "666ರಿಂದ ಯುಮಾಸ್ಕ್ ಕಳೆಯಿರಿ" ಎಂದು ಎಷ್ಟೋ ಕಡೆ ಕಲಿಸುತ್ತಾರೆ. 022 ಇದ್ದಾಗ ಉತ್ತರ 644, ಸರಿಯಾಗಿಯೇ ಬರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. 027 ಕೊಟ್ಟು ನೋಡಿ. "ಆರ್ರಾಗ ಏಳು ಹೆಂಗ ಕಳೀಬೇಕ್ರಿ?" 033 ಇನ್ನೂ ಮೋಸದ್ದು: ಕಳೆದರೆ 633, ಯಂತ್ರ ಕೊಡುವುದು 644. ಅಲ್ಲಿ ವ್ಯವಕಲನವೇ ಇಲ್ಲ. ಮಾಸ್ಕಿನಲ್ಲಿ ಎಲ್ಲೆಲ್ಲಿ ಗುರು ಇದೆಯೋ ಆ ಸ್ಥಾನವನ್ನು ಯಂತ್ರ ಲಘು ಮಾಡುತ್ತದೆ, ಮುಗಿಯಿತು. 6 ತ ಗಣ: ಗುರು-ಗುರು-ಲಘು. 3 ಯ ಗಣ: ಲಘು-ಗುರು-ಗುರು. ನಡುವಿನ ಗುರು ಹೋಯಿತು. ಕೊನೆಯ ಸ್ಥಾನದಲ್ಲಿ ಮೊದಲೇ ಲಘು, ಕಿತ್ತುಕೊಳ್ಳಲು ಏನೂ ಇಲ್ಲ. ಉಳಿದದ್ದು ಗುರು-ಲಘು-ಲಘು, ಭ ಗಣ, 4.

ಡೈರೆಕ್ಟರಿಯ, ಅಂದರೆ ಫೋಲ್ಡರಿನ, ವಿಷಯ ಬಂದಾಗ ಚೆನ್ನಾಗಿ ಓದುವವರೂ ಎಡವುತ್ತಾರೆ. ಫೈಲಿಗೆ 444 ಕೊಟ್ಟು, ಇನ್ನು ಯಾರೂ ಅಳಿಸಲಾರರು ಎಂದು ನೆಮ್ಮದಿಯಾಗಿರುತ್ತಾರೆ. ಡೈರೆಕ್ಟರಿ ಎಂದರೆ ಶಾಲೆಯ ಹಾಜರಿ ಪುಸ್ತಕ: ಹೆಸರು, ಅದರ ಮುಂದೆ ಐನೋಡ್ ಎಂಬ ಒಂದು ಸಂಖ್ಯೆ. ಹೆಸರು ಹೊಡೆದುಹಾಕಲು ಪುಸ್ತಕದ ಮೇಲೆ ಅಧಿಕಾರ ಬೇಕು, ಹುಡುಗನ ಒಪ್ಪಿಗೆ ಬೇಕಿಲ್ಲ. ಆದ್ದರಿಂದಲೇ ಡೈರೆಕ್ಟರಿಗೆ 777 ಕೊಟ್ಟರೆ ಒಳಗಿನ 444 ಫೈಲನ್ನು ಯಾರು ಬೇಕಾದರೂ ತೆಗೆದುಹಾಕಬಹುದು. ಎಲ್ಲರೂ ಬರೆಯುವ ತಾತ್ಕಾಲಿಕ ಫೈಲುಗಳ ಡೈರೆಕ್ಟರಿಗೆ 777 ಸಾಲದೆ 1777 ಇಟ್ಟಿರುವುದು ಇದಕ್ಕೇ. ಮುಂದಿನ ಆ 1 ಸ್ಟಿಕಿ ಬಿಟ್: ಬೇರೆಯವರ ಫೈಲನ್ನು ಅಳಿಸಬೇಡ.

ಅಂದರೆ ಅಂಕಿಗಳು ಮೂರಲ್ಲ, ನಾಲ್ಕು. ಆ ನಾಲ್ಕನೆಯದೂ ಒಂದು ಗಣವೇ: ಸೆಟ್‌ಯುಐಡಿ 4, ಸೆಟ್‌ಜಿಐಡಿ 2, ಸ್ಟಿಕಿ 1. ಸೆಟ್‌ಯುಐಡಿ ಯುನಿಕ್ಸ್‌ನಲ್ಲಿ ಥಾಂಪ್ಸನ್ನನ ಜೊತೆಗಾರ ಡೆನಿಸ್ ರಿಚಿಯ ಯೋಚನೆ. 1973ರಲ್ಲಿ ಅರ್ಜಿ ಹಾಕಿ 1979ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟೂ ಸಿಕ್ಕಿತು. ಆ ಗುರು ಇರುವ ಪ್ರೋಗ್ರಾಂ ಯಾರು ಚಲಾಯಿಸಿದರೂ ಅದರ ಮಾಲೀಕನ ಅಧಿಕಾರದಲ್ಲಿ ಓಡುತ್ತದೆ. ಸಾಮಾನ್ಯ ಬಳಕೆದಾರ ತನ್ನ ಪಾಸ್‌ವರ್ಡ್ ಬದಲಿಸುವುದು, ಸುಡೋ ಎಂಬ ಪ್ರೋಗ್ರಾಂ ಬಳಸಿ ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರ ಆಗುವುದು ಇದರ ಬಲದಿಂದಲೇ.

ಈಗ 777ಕ್ಕೆ ಬರೋಣ. ಫೈಲಿಗೆ 777 ಎಂದು ಬರೆದರೆ ಯಂತ್ರ ಓದುವುದು 0777 ಎಂದು, ಅಂದರೆ ನ ಮ ಮ ಮ. ಮುಂದಿನ ಗಣದ ಗುರುಗಳೆಲ್ಲ ಹಾರಿಹೋಗುತ್ತವೆ. ಸಿಟ್ಟಿನಲ್ಲಿ ಎಲ್ಲ ಡೈರೆಕ್ಟರಿಗಳ ಬುಡವಾದ ರೂಟ್ ಡೈರೆಕ್ಟರಿಯಿಂದಲೇ ಇಡೀ ಯಂತ್ರಕ್ಕೆ ಅದನ್ನು ಹೊಡೆದವನಿಗೆ ಮೊದಲು ಸಿಗುವ ಬಹುಮಾನ ಸುಡೋದ ಗೊಣಗಾಟ: ನನ್ನಲ್ಲಿ ಸೆಟ್‌ಯುಐಡಿ ಇಲ್ಲ, ಓಡಲಾರೆ. ಎಲ್ಲರಿಗೂ ಎಲ್ಲವನ್ನೂ ಕೊಟ್ಟವನು ತಾನೇ ರೂಟ್ ಆಗದೆ ಕೂರುತ್ತಾನೆ. ದೂರದ ಯಂತ್ರಕ್ಕೆ ಲಾಗಿನ್ ಆಗಿಸುವ ಎಸ್‌ಎಸ್‌ಎಚ್ ಕೂಡ ಊರೆಲ್ಲ ಓದಬಲ್ಲ ಖಾಸಗಿ ಕೀಲಿಯನ್ನು ಮುಟ್ಟುವುದಿಲ್ಲ. ಅದರ ಸರ್ವಿಸ್ ರೀಸ್ಟಾರ್ಟ್ ಆದರೆ ದೂರದಿಂದ ಲಾಗಿನ್ ಆಗುವ ದಾರಿಯೂ ಮುಚ್ಚಿತು.

ರೂಟ್ ಪಾಸ್‌ವರ್ಡ್ ಕೈಯಲ್ಲಿದ್ದರೆ ಯಂತ್ರದ ಮುಂದೆಯೇ ಹೋಗಿ ಲಾಗಿನ್ ಆಗಬಹುದು. ಇಲ್ಲದಿದ್ದರೆ ಬೂಟ್ ಆಗುವಾಗಲೇ ನಡುವೆ ತಡೆದು ಒಳಹೋಗಬೇಕು. ಆರ್‌ಎಚ್‌ಸಿಎಸ್‌ಎ ಪಠ್ಯದಲ್ಲಿ ಅದೂ ಒಂದು ಕಲಿಕೆ. ರೆಡ್ ಹ್ಯಾಟ್ ಬಳಗದ ಯಂತ್ರವಾದರೆ ಪ್ಯಾಕೇಜುಗಳನ್ನು ನೋಡಿಕೊಳ್ಳುವ ಆರ್‌ಪಿಎಂ ಬಳಿ ಪ್ರತಿ ಪ್ಯಾಕೇಜಿನ ಪ್ರತಿ ಫೈಲಿಗೂ ಯಾವ ಗಣ ಇರಬೇಕೆಂಬ ದಾಖಲೆ ಇದೆ, ಸೆಟ್‌ಪರ್ಮ್ಸ್ ಎಂದರೆ ಅವನ್ನೆಲ್ಲ ಮರಳಿ ಕೂರಿಸುತ್ತದೆ. ನಿಮ್ಮ ಹೋಮ್ ಡೈರೆಕ್ಟರಿಯ ಫೈಲುಗಳು ಯಾವ ಪ್ಯಾಕೇಜಿನವೂ ಅಲ್ಲ. ಅವನ್ನು ಕೈಯಾರೆ ಸರಿಪಡಿಸಬೇಕು, ಎಸ್‌ಎಸ್‌ಎಚ್‌ನ ಖಾಸಗಿ ಕೀಲಿಯಿಂದ ಶುರುಮಾಡಿ: 600, ತ ನ ನ.