ಬಫಿ ಯಾರದ್ದು? ಹೈಸ್ಕೂಲಿನ ನರಕದಲ್ಲಿ ಹುಟ್ಟಿದ ಒಂದು ಧಾರಾವಾಹಿಯ ಕತೆ

1999ರ ಏಪ್ರಿಲ್ 27ರಂದು ಅಮೆರಿಕದ ಡಬ್ಲ್ಯೂಬಿ ಚಾನೆಲ್‌ನಲ್ಲಿ ‘ಬಫಿ ದ ವ್ಯಾಂಪೈರ್ ಸ್ಲೇಯರ್’ನ ಒಂದು ಸಂಚಿಕೆ ಬರಬೇಕಿತ್ತು. ಕತೆ ಹೀಗಿದೆ. ಬಫಿ ಒಬ್ಬ ಹೈಸ್ಕೂಲ್ ಹುಡುಗಿ, ರಕ್ತ ಹೀರುವ ವ್ಯಾಂಪೈರ್‌ಗಳನ್ನು ಬೇಟೆಯಾಡುವ ‘ಸ್ಲೇಯರ್’. ಒಂದು ಪಿಶಾಚಿಯ ರಕ್ತ ಮೈಗೆ ತಗಲಿ ಅವಳಿಗೆ ಸುತ್ತಲಿನವರ ಮನಸ್ಸಿನ ಮಾತೆಲ್ಲಾ ಕೇಳಿಸತೊಡಗುತ್ತದೆ. ಶಾಲೆಯ ಊಟದ ಹಾಲ್‌ನಲ್ಲಿ ನೂರಾರು ಮನಸ್ಸುಗಳ ಗದ್ದಲ. ಅದರ ನಡುವೆ ಯಾರೋ ಒಬ್ಬರು, ನಾಳೆ ಇಷ್ಟೊತ್ತಿಗೆ ಇವರನ್ನೆಲ್ಲಾ ಕೊಲ್ಲುತ್ತೇನೆ ಅಂದುಕೊಳ್ಳುವುದು ಅವಳ ಕಿವಿಗೆ ಬೀಳುತ್ತದೆ.

ಅದು ಪ್ರಸಾರವಾಗುವುದಕ್ಕೆ ಸರಿಯಾಗಿ ಒಂದು ವಾರ ಮುಂಚೆ, ಏಪ್ರಿಲ್ 20ರಂದು, ಕೊಲರಾಡೊದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು 12 ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಗುಂಡಿಟ್ಟು ಕೊಂದರು. ಚಾನೆಲ್ ಆ ಸಂಚಿಕೆಯನ್ನು ತಡೆಹಿಡಿಯಿತು. ಜನ ಅದನ್ನು ನೋಡಿದ್ದು ಸೆಪ್ಟೆಂಬರ್ 21ಕ್ಕೆ. ಆ ಸೀಸನ್ನಿನ ಕೊನೆಯ ಸಂಚಿಕೆಯಲ್ಲಿ ಪದವಿ ಪ್ರದಾನದ ದಿನ ವಿದ್ಯಾರ್ಥಿಗಳೆಲ್ಲಾ ಆಯುಧ ಹಿಡಿದು, ದೈತ್ಯ ಹಾವಾಗಿ ಬದಲಾದ ಮೇಯರ್ ವಿರುದ್ಧ ನಿಲ್ಲುತ್ತಾರೆ. ಅದೂ ಜುಲೈ 13ರವರೆಗೆ ಕಾಯಬೇಕಾಯಿತು.

ತಡೆದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಆ ಸಂಚಿಕೆಯಲ್ಲಿ ನಿಜವಾಗಿ ಏನಿತ್ತು ಅಂತ ನೋಡಬೇಕು. ಶಾಲೆಯ ಗಡಿಯಾರದ ಗೋಪುರದಲ್ಲಿ ಜೊನಾಥನ್ ಎಂಬ ಹುಡುಗ ಬಂದೂಕು ಜೋಡಿಸಿಕೊಂಡು ಕೂತಿದ್ದಾನೆ. ಬಫಿ ಅಲ್ಲಿಗೆ ಹತ್ತಿ ಹೋಗುತ್ತಾಳೆ. ಅವನು ಯಾರನ್ನೂ ಕೊಲ್ಲಲು ಬಂದವನಲ್ಲ, ತನ್ನನ್ನೇ ಮುಗಿಸಿಕೊಳ್ಳಲು ಬಂದವನು. ಆಗ ಅವಳು ಹೇಳುವುದರ ತಿರುಳು ಇಷ್ಟೇ: ಅವರು ಯಾರೂ ನಿನ್ನನ್ನು ಗಮನಿಸಲಿಲ್ಲ, ನಿಜ, ಆದರೆ ಅದು ನಿನ್ನ ಮೇಲಿನ ತಾತ್ಸಾರದಿಂದಲ್ಲ, ಅವರವರ ನೋವಿನ ಗದ್ದಲವೇ ಅವರ ಕಿವಿ ಮುಚ್ಚಿಬಿಟ್ಟಿದೆ. ಹದಿನೇಳು ಹದಿನೆಂಟರ ಮಕ್ಕಳ ಬಗ್ಗೆ ಟಿವಿಯಲ್ಲಿ ಇಷ್ಟು ಪ್ರೀತಿಯಿಂದ ಬರೆದ ದೃಶ್ಯ ನಾನು ಜಾಸ್ತಿ ನೋಡಿಲ್ಲ.

ಆ ಸಂಚಿಕೆ ಬರೆದವರು ಜೇನ್ ಎಸ್ಪೆನ್ಸನ್. ಈ ಹೆಸರನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಬಫಿ ಅಂದ ತಕ್ಷಣ ವರ್ಷಗಟ್ಟಲೆ ಎಲ್ಲರ ಬಾಯಲ್ಲೂ ಬರುತ್ತಿದ್ದದ್ದು ಅದನ್ನು ಸೃಷ್ಟಿಸಿದ ಜಾಸ್ ವೀಡನ್ ಎಂಬ ಒಬ್ಬನೇ ಮನುಷ್ಯನ ಹೆಸರು. ಇವತ್ತು ಅದೇ ಹೆಸರು ಹಳೆಯ ಅಭಿಮಾನಿಗಳಿಗೆ ಮುಳ್ಳಾಗಿದೆ. ಹಾಗಾದರೆ ಈ ಧಾರಾವಾಹಿಯನ್ನು ಏನು ಮಾಡುವುದು? ಅದಕ್ಕೆ ಉತ್ತರ ಸಿಗಬೇಕಾದರೆ ಇದು ಹೇಗೆ ತಯಾರಾಯಿತು ಅನ್ನುವುದಕ್ಕೇ ಹೋಗಬೇಕು.

ಮೂಲ ಕಲ್ಪನೆ ವೀಡನ್‌ದೇ, ಅದರಲ್ಲಿ ಅನುಮಾನವಿಲ್ಲ. ಹಾರರ್ ಸಿನಿಮಾಗಳಲ್ಲಿ ಕತ್ತಲ ಓಣಿಗೆ ಹೋಗಿ ಮೊದಲು ಸಾಯುವ ಹೊಂಬಣ್ಣದ ಕೂದಲಿನ ಹುಡುಗಿ ಇರುತ್ತಾಳಲ್ಲ, ಅವಳು ಸಾಯುವ ಬದಲು ತಿರುಗಿ ನಿಂತು ರಾಕ್ಷಸನನ್ನೇ ಹೊಡೆದು ಹಾಕಿದರೆ ಹೇಗಿರುತ್ತದೆ? ಈ ಯೋಚನೆ ಮೊದಲು 1992ರಲ್ಲಿ ಸಿನಿಮಾ ಆಯಿತು. ನಿರ್ದೇಶಕಿ ಫ್ರಾನ್ ರೂಬೆಲ್ ಕುಝುಯಿ, ಬಫಿಯಾಗಿ ಕ್ರಿಸ್ಟಿ ಸ್ವಾನ್ಸನ್. ಅದು ಹಗುರವಾದ ಹಾಸ್ಯ ಚಿತ್ರವಾಯಿತು, ವೀಡನ್‌ಗೆ ತೃಪ್ತಿಯಾಗಲಿಲ್ಲ. ಕತೆ ಅಲ್ಲಿಗೇ ಮುಗಿಯಬಹುದಿತ್ತು. ಇದನ್ನು ಟಿವಿಗೆ ತರಬೇಕು ಅಂತ ಹಟ ಹಿಡಿದವರು ಗೇಲ್ ಬರ್ಮನ್. ಅವರು ಆಗ ಇದ್ದದ್ದು ಸ್ಯಾಂಡಾಲರ್ ಕಂಪನಿಯಲ್ಲಿ. ಗಾಯಕಿ ಡಾಲಿ ಪಾರ್ಟನ್ ಮತ್ತು ಅವರ ಮ್ಯಾನೇಜರ್ ಸ್ಯಾಂಡಿ ಗ್ಯಾಲಿನ್ ಸೇರಿ ಕಟ್ಟಿದ ಕಂಪನಿ ಅದು. ಹಾಗಾಗಿ ಈ ಧಾರಾವಾಹಿಯ ಹಿಂದೆ ಡಾಲಿ ಪಾರ್ಟನ್ ಕೂಡ ಇದ್ದರು, ಹೆಸರು ಹಾಕಿಕೊಳ್ಳದೆ.

ಕೊಂಡುಕೊಂಡದ್ದು ಡಬ್ಲ್ಯೂಬಿ. 1995ರಲ್ಲಷ್ಟೇ ಶುರುವಾದ ಪುಟ್ಟ ಚಾನೆಲ್, ಗುರುತಿಗಾಗಿ ಹುಡುಕಾಡುತ್ತಿತ್ತು. ಬಫಿಯ ಸಹಪಾಠಿ ಕಾರ್ಡೀಲಿಯಾ ಪಾತ್ರಕ್ಕೆ ಪರೀಕ್ಷೆ ಕೊಟ್ಟಿದ್ದ ಸಾರಾ ಮಿಷೆಲ್ ಗೆಲ್ಲರ್ ಕೊನೆಗೆ ಬಫಿ ಆದರು, ಕಾರ್ಡೀಲಿಯಾ ಕರಿಸ್ಮಾ ಕಾರ್ಪೆಂಟರ್ ಪಾಲಿಗೆ ಬಂತು. ಪ್ರಸಾರವಾಗದ ಮೊದಲ ಪೈಲಟ್‌ನಲ್ಲಿ, ಅಂದರೆ ಪ್ರಾಯೋಗಿಕ ಸಂಚಿಕೆಯಲ್ಲಿ, ಬಫಿಯ ಗೆಳತಿ ವಿಲೋ ಆಗಿ ಬೇರೆ ನಟಿ ಇದ್ದರು, ಆಮೇಲೆ ಆಲಿಸನ್ ಹ್ಯಾನಿಗನ್ ಬಂದರು. ಮೊದಲ ಸಂಚಿಕೆ ತೆರೆಗೆ ಬಂದದ್ದು 1997ರ ಮಾರ್ಚ್ 10ರಂದು. ಸೀಸನ್ನಿನ ಮಧ್ಯೆ ಖಾಲಿ ಜಾಗ ತುಂಬಲು ತಂದ 12 ಸಂಚಿಕೆಗಳು, ಅಷ್ಟೇ.

ದುಡ್ಡು ಕಡಿಮೆ. ಮೊದಲ ಎರಡು ಸೀಸನ್ ಶೂಟ್ ಆದದ್ದು 16 ಎಂಎಂ ಫಿಲ್ಮ್‌ನಲ್ಲಿ. ಸೆಟ್‌ಗಳು ಸಾಂಟಾ ಮೋನಿಕಾದ ಒಂದು ಗೋದಾಮಿನೊಳಗೆ, ಕತೆಯ ಊರಾದ ಸನ್ನಿಡೇಲ್‌ನ ಹೈಸ್ಕೂಲಿನ ಹೊರನೋಟಕ್ಕೆ ಟೊರೆನ್ಸ್ ಹೈಸ್ಕೂಲ್. ಬಫಿ ರಾತ್ರಿ ಗಸ್ತು ತಿರುಗುವ ಸ್ಮಶಾನವನ್ನು ಆಮೇಲಾಮೇಲೆ ಗೋದಾಮಿನ ಪಾರ್ಕಿಂಗ್ ಜಾಗದಲ್ಲೇ ಕಟ್ಟಿದರು. ಮರದ ಗೂಟ ಚುಚ್ಚಿದ ಕೂಡಲೇ ವ್ಯಾಂಪೈರ್ ಬಟ್ಟೆ ಸಮೇತ ಬೂದಿಯಾಗಿ ಉದುರಿಹೋಗುವುದು ಈ ಧಾರಾವಾಹಿಯ ಗುರುತು ಅಲ್ವಾ, ಅದರ ಹಿಂದೆಯೂ ಲೆಕ್ಕಾಚಾರವಿದೆ. ಹೈಸ್ಕೂಲ್ ಹುಡುಗಿ ವಾರವಾರ ಮನುಷ್ಯರಂತೆ ಕಾಣುವ ಹೆಣಗಳನ್ನು ಬೀಳಿಸುವುದು ಕಣ್ಣಿಗೆ ಚೆನ್ನಾಗಿರುವುದಿಲ್ಲ, ಮತ್ತೆ ಆ ಹೆಣಗಳನ್ನು ಎಲ್ಲಿ ಹೂತರು ಅಂತ ಪ್ರತಿ ಸಲ ತೋರಿಸುತ್ತಾ ಕೂರಬೇಕಾಗುತ್ತದೆ. ಹೊಡೆದಾಟದಲ್ಲಿ ಗೆಲ್ಲರ್ ಬದಲು ಬೀಳುತ್ತಾ ಏಳುತ್ತಾ ಇದ್ದದ್ದು ಮೊದಲ ನಾಲ್ಕು ಸೀಸನ್‌ಗಳಲ್ಲಿ ಸೋಫಿಯಾ ಕ್ರಾಫರ್ಡ್ ಎಂಬ ಸ್ಟಂಟ್ ಕಲಾವಿದೆ.

ಇವೆಲ್ಲದರ ಮೇಲೆ ನಿಂತಿದ್ದದ್ದು ಒಂದು ಸರಳ ಸೂತ್ರ. ಹೈಸ್ಕೂಲ್ ನರಕ ಅಂತ ಎಲ್ಲರೂ ಹೇಳುತ್ತಾರೆ, ಇಲ್ಲಿ ಶಾಲೆಯ ಅಡಿಯಲ್ಲೇ ನರಕದ ಬಾಯಿ ಇದೆ. ಯಾರೂ ಮಾತಾಡಿಸದ ಹುಡುಗಿ ನಿಜವಾಗಿಯೂ ಅದೃಶ್ಯಳಾಗುತ್ತಾಳೆ. ಮಗಳ ಯೌವನವನ್ನು ತಾನೇ ಮತ್ತೆ ಬದುಕಲು ಹೊರಟ ತಾಯಿ ಮಂತ್ರ ಹಾಕಿ ಮಗಳ ಮೈಯನ್ನೇ ಕಿತ್ತುಕೊಳ್ಳುತ್ತಾಳೆ. ಬರಹಗಾರರ ಕೋಣೆಯಲ್ಲಿ ರಾಕ್ಷಸ ಯಾವುದು ಅನ್ನುವುದು ಮೊದಲ ಪ್ರಶ್ನೆ ಆಗಿರಲಿಲ್ಲ. ಈ ವಾರ ಬಫಿಯ ಮನಸ್ಸಿನಲ್ಲಿ ಏನಾಗುತ್ತಿದೆ, ಅದು ಗೊತ್ತಾದ ಮೇಲೆಯೇ ರಾಕ್ಷಸನ ಮಾತು.

ಈ ಸೂತ್ರ ಎಷ್ಟು ಆಳಕ್ಕೆ ಹೋಗಬಲ್ಲದು ಅಂತ ಜನಕ್ಕೆ ಗೊತ್ತಾದದ್ದು 1998ರ ಜನವರಿಯಲ್ಲಿ. ಆತ್ಮ ಇರುವ ವ್ಯಾಂಪೈರ್ ಏಂಜೆಲ್ ಬಫಿಯ ಪ್ರಿಯಕರ. ಅವರು ಮೊದಲ ಬಾರಿ ಒಂದಾದ ರಾತ್ರಿಯೇ ಶಾಪದ ನಿಯಮದಂತೆ ಅವನ ಆತ್ಮ ಹೋಗುತ್ತದೆ, ಬೆಳಗಾದರೆ ಅವನು ಅವಳನ್ನು ಹೀಯಾಳಿಸುವ ಕ್ರೂರಿ. ಎಷ್ಟು ಹುಡುಗಿಯರಿಗೆ ಈ ಬೆಳಗು ಶಾಪಗೀಪ ಏನೂ ಇಲ್ಲದೆಯೇ ಬಂದಿರುತ್ತದೆ, ಯೋಚಿಸಿ. ಆ ಕತೆಯ ಮೊದಲ ಭಾಗ ಸೋಮವಾರ, ಎರಡನೆಯದು ಮರುದಿನ ಮಂಗಳವಾರ ಬಂತು, ಅಲ್ಲಿಂದ ಬಫಿ ಮಂಗಳವಾರದ ಧಾರಾವಾಹಿಯಾಯಿತು. ಅದೇ ಮಂಗಳವಾರ, ಬಫಿಯ ಬೆನ್ನಿಗೇ ‘ಡಾಸನ್ಸ್ ಕ್ರೀಕ್’ ಎಂಬ ಹದಿಹರೆಯದವರ ಧಾರಾವಾಹಿ ಶುರುವಾಯಿತು. ಹದಿಹರೆಯದವರ ಚಾನೆಲ್ ಅಂತ ಡಬ್ಲ್ಯೂಬಿಗೆ ಹೆಸರು ಬಂದದ್ದು ಹೀಗೆ.

ಆಮೇಲಿನ ಪ್ರಯೋಗಗಳ ಬಗ್ಗೆ ತುಂಬಾ ಜನ ಬರೆದಿದ್ದಾರೆ. ಸಂಭಾಷಣೆ ಚೆನ್ನಾಗಿದೆ ಅಂತ ಹೊಗಳಿಸಿಕೊಳ್ಳುತ್ತಿದ್ದ ಧಾರಾವಾಹಿ 1999ರ ಡಿಸೆಂಬರ್‌ನಲ್ಲಿ ಇಡೀ ಊರಿನ ಧ್ವನಿ ಕದ್ದುಹೋದ ಕತೆ ಮಾಡಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಮಾತೇ ಇಲ್ಲದೆ ನಡೆಸಿತು, ಬರವಣಿಗೆಗೆ ಎಮಿ ಟಿವಿ ಪ್ರಶಸ್ತಿಯ ನಾಮನಿರ್ದೇಶನ ಸಿಕ್ಕಿದ್ದು ಆ ಸಂಚಿಕೆಗೇ. 2001ರ ನವೆಂಬರ್‌ನಲ್ಲಿ ಪಾತ್ರಗಳೆಲ್ಲಾ ಹಾಡುತ್ತಾ ಗುಟ್ಟು ಬಿಟ್ಟುಕೊಡುವ ಸಂಗೀತ ಸಂಚಿಕೆ ಬಂತು.

ನನ್ನನ್ನು ಇವತ್ತಿಗೂ ಬಿಡದೆ ಕಾಡುವುದು ಮಾತ್ರ 2001ರ ಫೆಬ್ರವರಿ 27ರ ‘ದ ಬಾಡಿ’. ಬಫಿ ಮನೆಗೆ ಬರುತ್ತಾಳೆ, ಸೋಫಾ ಮೇಲೆ ಅಮ್ಮ ಸತ್ತು ಬಿದ್ದಿದ್ದಾಳೆ. ಯಾವ ಪಿಶಾಚಿಯೂ ಕೊಂದದ್ದಲ್ಲ, ಮೆದುಳಿನ ರಕ್ತನಾಳ ಒಡೆದದ್ದು. ಇಡೀ ಸಂಚಿಕೆಗೆ ಹಿನ್ನೆಲೆ ಸಂಗೀತವೇ ಇಲ್ಲ. ಫೋನಿನ ಗುಂಡಿ ಒತ್ತುವ ಸದ್ದು, ಹೊರಗೆ ಗಾಳಿಗಂಟೆಯ ಸದ್ದು, ವಾಂತಿ ಒರೆಸಲು ಹಾಸುವ ಕಾಗದದ ಟವೆಲ್ ನಿಧಾನಕ್ಕೆ ಒದ್ದೆಯಾಗುವುದು. ಸಾವು ಬಂದ ಮನೆಯಲ್ಲಿ ಮೊದಲ ಅರ್ಧ ಗಂಟೆ ಹೇಗಿರುತ್ತದೆ ಅಂತ ಕಂಡವರಿಗೆ ಗೊತ್ತು, ಮಾಡಬೇಕಾದ ಕೆಲಸಗಳು ಸಾಲಾಗಿ ನಿಂತಿರುತ್ತವೆ, ಕೈ ಓಡುವುದಿಲ್ಲ. ಸತ್ತ ಮೇಲೂ ಪಿಶಾಚಿಗಳು ಎದ್ದು ಓಡಾಡುವ ಕತೆಯಲ್ಲಿ ಏಳದೇ ಇರುವ ಒಂದು ದೇಹ. ವೀಡನ್ ತಾಯಿ ತೀರಿಕೊಂಡದ್ದೂ ಇದೇ ರೀತಿ. ಇದನ್ನು ಬರೆದು ನಿರ್ದೇಶಿಸಿದವರು ಅವರೇ, ಆ ಗೌರವ ಅವರಿಗೆ ಕೊಡಲೇಬೇಕು.

ವಿಲೋ ಮತ್ತು ಅವಳ ಪ್ರೇಯಸಿ ಟಾರಾ ಪರದೆಯ ಮೇಲೆ ಮೊದಲ ಬಾರಿ ಮುತ್ತಿಟ್ಟುಕೊಂಡದ್ದೂ ಇದೇ ಸಂಚಿಕೆಯಲ್ಲಿ, ದುಃಖದ ನಡುವೆ, ಸುಮ್ನೆ ಸಮಾಧಾನ ಮಾಡುವ ಹಾಗೆ. ಇಬ್ಬರು ಹುಡುಗಿಯರ ಪ್ರೀತಿಯನ್ನು ವರ್ಷಗಳ ಕಾಲ, ಸಂಸಾರದಂತೆ ತೋರಿಸಿದ್ದು ಆ ಕಾಲದ ಅಮೆರಿಕನ್ ಟಿವಿಯಲ್ಲಿ ದೊಡ್ಡ ವಿಷಯ. ಅದಕ್ಕೇ 2002ರ ಮೇ ತಿಂಗಳಲ್ಲಿ ದಾರಿ ತಪ್ಪಿ ಬಂದ ಗುಂಡಿಗೆ ಟಾರಾ ಸತ್ತಾಗ ಅಷ್ಟು ಸಿಟ್ಟು ಎದ್ದದ್ದು. ಸಲಿಂಗಿ ಪಾತ್ರಗಳಿಗೆ ಸುಖ ಕೊಟ್ಟ ಕೂಡಲೇ ಕೊಲ್ಲುವ ಚಾಳಿಯ ಬಗ್ಗೆ ಇವತ್ತಿಗೂ ಚರ್ಚೆಯಾದರೆ ಟಾರಾ ಹೆಸರು ಬಂದೇ ಬರುತ್ತದೆ. ಆ ಸಿಟ್ಟು ನ್ಯಾಯವಾದದ್ದು ಅನ್ನುವುದು ನನ್ನ ಅಭಿಪ್ರಾಯ.

ಅಷ್ಟರಲ್ಲಿ ಚಾನೆಲ್ ಬದಲಾಗಿತ್ತು. ದರದ ಜಗಳದಲ್ಲಿ ಡಬ್ಲ್ಯೂಬಿ ಕೈಬಿಟ್ಟಿತು. ಯುಪಿಎನ್ ಎಂಬ ಇನ್ನೊಂದು ಚಾನೆಲ್ ಸಂಚಿಕೆಗೆ 20 ಲಕ್ಷ ಡಾಲರ್‌ಗಿಂತ ಹೆಚ್ಚು ಕೊಟ್ಟು 2001ರಲ್ಲಿ ಕೊಂಡಿತು. ಕೊನೆಯ ಎರಡು ಸೀಸನ್‌ಗಳನ್ನು ದಿನದಿನಕ್ಕೆ ನಡೆಸಿದವರು ಬರಹಗಾರ್ತಿ ಮಾರ್ಟಿ ನಾಕ್ಸನ್. 2003ರ ಮೇ 20ರಂದು, 144ನೇ ಸಂಚಿಕೆಯಲ್ಲಿ, ಕತೆ ಮುಗಿಯಿತು. ಒಂದು ಪೀಳಿಗೆಗೆ ಒಬ್ಬಳೇ ಸ್ಲೇಯರ್ ಅನ್ನುವುದು ಯಾವುದೋ ಕಾಲದ ಗಂಡಸರು ಮಾಡಿಟ್ಟ ನಿಯಮ. ಬಫಿ ಅದನ್ನು ಮುರಿದು ತನ್ನ ಶಕ್ತಿಯನ್ನು ಲೋಕದ ಎಲ್ಲ ಅರ್ಹ ಹುಡುಗಿಯರಿಗೆ ಹಂಚುತ್ತಾಳೆ.

ನಿಂತ ಮೇಲೂ ಇದು ನಿಲ್ಲಲಿಲ್ಲ. ಸೀಸನ್ ಪೂರ್ತಿ ಕಾಡುವ ಮುಖ್ಯ ಖಳನಿಗೆ ‘ಬಿಗ್ ಬ್ಯಾಡ್’ ಅನ್ನುವ ಮಾತು ಇಲ್ಲಿಂದಲೇ ಟಿವಿ ಲೋಕಕ್ಕೆ ಹರಡಿತು. ಪಾತ್ರಗಳು ಇಂಗ್ಲಿಷನ್ನು ತಿರುಚಿ ಮಾತಾಡುವ ರೀತಿಯ ಮೇಲೆ ಮೈಕಲ್ ಆಡಮ್ಸ್ ಎಂಬ ಭಾಷಾ ವಿದ್ವಾಂಸರು 2003ರಲ್ಲಿ ಒಂದು ಇಡೀ ಪುಸ್ತಕ ತಂದರು. ಬಫಿ ಅಧ್ಯಯನಕ್ಕೆಂದೇ 2001ರಿಂದ ‘ಸ್ಲೇಯೇಜ್’ ಎಂಬ ವಿದ್ವತ್ ಪತ್ರಿಕೆ ಬಂತು. 2005ರಲ್ಲಿ ಬ್ರಿಟನ್ನಿನಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿಯನ್ನು ಮತ್ತೆ ಕಟ್ಟಿದ ರಸೆಲ್ ಟಿ ಡೇವಿಸ್ ಮೇಲೂ ಬಫಿಯ ಪ್ರಭಾವವಿತ್ತು. ಬಫಿಯ ಬರಹಗಾರರ ಕೋಣೆಯಿಂದ ಹೊರಟ ಡ್ರೂ ಗೊಡಾರ್ಡ್, ಸ್ಟೀವನ್ ಡಿನೈಟ್, ಡೇವಿಡ್ ಫ್ಯೂರಿ, ಎಸ್ಪೆನ್ಸನ್, ನಾಕ್ಸನ್ ಮುಂದಿನ ಇಪ್ಪತ್ತು ವರ್ಷದ ಅಮೆರಿಕನ್ ಟಿವಿಯಲ್ಲಿ ಎಲ್ಲೆಲ್ಲೂ ಇದ್ದಾರೆ.

2021ರ ಫೆಬ್ರವರಿಯಲ್ಲಿ ಕರಿಸ್ಮಾ ಕಾರ್ಪೆಂಟರ್ ಬಾಯಿಬಿಟ್ಟರು. ವೀಡನ್ ಅಧಿಕಾರ ದುರ್ಬಳಕೆ ಮಾಡಿದರು, ತಾವು ಗರ್ಭಿಣಿಯಾಗಿದ್ದಾಗ ಕ್ರೂರವಾಗಿ ನಡೆಸಿಕೊಂಡರು ಎಂದು ಆರೋಪಿಸಿದರು. ಟಾರಾ ಪಾತ್ರದ ಆಂಬರ್ ಬೆನ್ಸನ್, ಬಫಿಯ ತಂಗಿ ಡಾನ್ ಆಗಿದ್ದ ಮಿಷೆಲ್ ಟ್ರಾಕ್ಟನ್‌ಬರ್ಗ್ ಬೆಂಬಲಕ್ಕೆ ನಿಂತರು. ಬಫಿ ಜೊತೆ ನನ್ನ ಹೆಸರಿರುವುದು ಹೆಮ್ಮೆ, ಆದರೆ ಜಾಸ್ ವೀಡನ್ ಹೆಸರಿನ ಜೊತೆ ಸದಾ ಜೋಡಿಸಬೇಡಿ ಎಂಬ ಅರ್ಥದಲ್ಲಿ ಗೆಲ್ಲರ್ ಬರೆದರು. ಮರುವರ್ಷ ಒಂದು ಸಂದರ್ಶನದಲ್ಲಿ ವೀಡನ್ ಹಲವು ಆರೋಪಗಳನ್ನು ಅಲ್ಲಗಳೆದರು. ಧಾರಾವಾಹಿ ನೋಡುತ್ತಾ ಬೆಳೆದವರಿಗೆ ಇದು ಮನೆಯೊಳಗಿನ ಆಘಾತ. ಹೆಣ್ಣುಮಕ್ಕಳಿಗೆ ಧೈರ್ಯ ಕೊಟ್ಟ ಕತೆಯ ಸೆಟ್‌ನಲ್ಲೇ ಹೆಣ್ಣುಮಕ್ಕಳು ಹೆದರಿಕೊಂಡು ಕೆಲಸ ಮಾಡಿದ್ದರು ಅಂದರೆ ಹೇಗೆ ಸಹಿಸುವುದು? ನನಗಂತೂ ಗೆಲ್ಲರ್ ಹಾಕಿದ ಗೆರೆಯೇ ಸರಿ ಅನಿಸುತ್ತದೆ. ಅವರು ಬಫಿಯನ್ನು ಬಿಟ್ಟುಕೊಡಲಿಲ್ಲ. ನಾವ್ಯಾಕೆ ಬಿಡಬೇಕು? 2025ರಲ್ಲಿ ಹೊಸ ಬಫಿಯ ಪೈಲಟ್‌ಗೆ ಕ್ಲೋಯಿ ಝಾವೊ ನಿರ್ದೇಶಕಿಯಾಗಿ, ಗೆಲ್ಲರ್ ಜೊತೆಯಾಗಿ ಕೆಲಸ ಶುರುವಾದಾಗ ಆ ತಂಡದಲ್ಲಿ ವೀಡನ್ ಇರಲಿಲ್ಲ.

ಹಳೆಯ ಸಂಚಿಕೆಗಳನ್ನು ಈಗ ನೋಡಲು ಹೊರಟವರಿಗೆ ಒಂದು ಮಾತು. ಆಮೇಲೆ ಅಗಲ ಪರದೆಗೆ ಹಿಗ್ಗಿಸಿದ ಎಚ್‌ಡಿ ಆವೃತ್ತಿಗಿಂತ ಹಳೆಯ ಡಿವಿಡಿಯ ಚೌಕ ಚಿತ್ರವೇ ವಾಸಿ. ಎಚ್‌ಡಿಯಲ್ಲಿ ಬಣ್ಣ ಕೆಟ್ಟಿದೆ, ಎಷ್ಟೋ ಕಡೆ ರಾತ್ರಿ ಹಗಲಾಗಿದೆ, ಅಭಿಮಾನಿಗಳಿಗೆ ಅದರ ಮೇಲೆ ಸಿಟ್ಟಿದೆ. ಚೌಕಟ್ಟಿನ ಅಂಚಿನಲ್ಲಿ, ಮೂಲದಲ್ಲಿ ಕಾಣದೇ ಇದ್ದ ಜಾಗದಲ್ಲಿ, ಕೆಲವು ದೃಶ್ಯಗಳಲ್ಲಿ ಲೈಟಿನ ಸಲಕರಣೆಗಳು ಕಾಣುತ್ತವೆ, ಅವುಗಳ ಪಕ್ಕ ಸುಮ್ಮನೆ ನಿಂತು ಕೆಲಸ ಮಾಡುತ್ತಿರುವ ಜನ ಕಾಣುತ್ತಾರೆ.