ಹೌಸ್ ಆಫ್ ಬರ್ಜೆಸಸ್: ಕಂಪನಿ ಕೊಟ್ಟ ಶಾಸನಸಭೆ

ಅಮೆರಿಕದ ಇತಿಹಾಸ ಓದುವಾಗ ‘ಹೌಸ್ ಆಫ್ ಬರ್ಜೆಸಸ್’ ಎಂಬ ಹೆಸರು ಆಗಾಗ ಎದುರಾಗುತ್ತದೆ. ಇಂಗ್ಲೆಂಡಿನಲ್ಲಿ ಒಂದು ಪಟ್ಟಣದ ಪರವಾಗಿ ಪಾರ್ಲಿಮೆಂಟಿಗೆ ಹೋಗುವವನಿಗೆ ಬರ್ಜೆಸ್ ಅನ್ನುತ್ತಿದ್ದರು. ವರ್ಜೀನಿಯಾ ವಸಾಹತಿನ ಊರುಗಳು ಆರಿಸಿ ಕಳಿಸಿದವರಿಗೂ ಅದೇ ಹೆಸರು ಬಂತು. ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ಚುನಾಯಿತ ಪ್ರತಿನಿಧಿಗಳು ಕೂತ ಮೊದಲ ಶಾಸನಸಭೆ ಇವರದೇ.

ಜನ ಹೋರಾಡಿ ಪಡೆದ ಸಭೆ ಇರಬೇಕು ಅನ್ನಿಸುತ್ತದೆ, ಅಲ್ವಾ? ಹಾಗೇನಿಲ್ಲ. ಅದನ್ನು ಕೊಟ್ಟದ್ದು ಒಂದು ವ್ಯಾಪಾರಿ ಕಂಪನಿ, ಅದೂ ಲಾಭದ ಮುಖವನ್ನೇ ಕಾಣದ ಕಂಪನಿ.

1606ರಲ್ಲಿ ದೊರೆ ಒಂದನೇ ಜೇಮ್ಸ್ ವರ್ಜೀನಿಯಾ ಕಂಪನಿಗೆ ಸನ್ನದು ಕೊಟ್ಟ. ನಮ್ಮ ಕಡೆಗೆ ಬಂದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಸರ್ ಥಾಮಸ್ ಸ್ಮೈತ್ ಇದರ ಕಾರುಬಾರನ್ನೂ ಹಲವು ವರ್ಷ ನೋಡಿಕೊಂಡ. 1607ರ ಮೇ ತಿಂಗಳಲ್ಲಿ ಅಲ್ಲಿನ ಮೂಲನಿವಾಸಿಗಳಾದ ಪೌಹಟನ್ ಜನರ ನೆಲದಲ್ಲಿ ಜೇಮ್ಸ್‌ಟೌನ್ ಎಂಬ ಊರು ಎದ್ದಿತು. 1609–10ರ ಚಳಿಗಾಲದಲ್ಲಿ ಅಲ್ಲಿದ್ದವರಲ್ಲಿ ಹೆಚ್ಚಿನವರು ಹಸಿವು, ಕಾಯಿಲೆಗಳಿಂದ ಸತ್ತರು. ಅದರ ಬೆನ್ನಿಗೇ ಮಿಲಿಟರಿ ಕಾನೂನು ಬಂತು. ಸಣ್ಣಪುಟ್ಟ ತಪ್ಪಿಗೂ ಘೋರ ಶಿಕ್ಷೆ. ಇಂಥ ಜಾಗಕ್ಕೆ ಹಡಗು ಹತ್ತಿ ಯಾರು ಬರುತ್ತಾರೆ?

ಹೊಗೆಸೊಪ್ಪು ಬೆಳೆದರೆ ದುಡ್ಡಿದೆ ಅನ್ನುವುದು ಅಷ್ಟರಲ್ಲಿ ಗೊತ್ತಾಗಿತ್ತು. ಬೇಕಾಗಿದ್ದದ್ದು ಕೈಗಳು. ಹಾಗಾಗಿ 1618ರಲ್ಲಿ ಕಂಪನಿ ಪಟ್ಟು ಸಡಿಲಿಸಿತು. ಸ್ವಂತ ಖರ್ಚಿನಲ್ಲಿ ಬಂದವರಿಗೆ 50 ಎಕರೆ ನೆಲ, ಇನ್ನೊಬ್ಬರನ್ನು ಕರೆತಂದರೆ ಮತ್ತೆ 50. ಮಿಲಿಟರಿ ಕಾನೂನಿನ ಬದಲು ಇಂಗ್ಲೆಂಡಿನ ಕಾನೂನು. ಜೊತೆಗೆ ಒಂದು ಸಭೆ. ಈ ಆದೇಶ ಹಿಡಿದುಕೊಂಡು ಹೊಸ ಗವರ್ನರ್ ಜಾರ್ಜ್ ಯಾರ್ಡ್ಲಿ 1619ರ ಏಪ್ರಿಲ್‌ನಲ್ಲಿ ಬಂದಿಳಿದ.

ಜುಲೈ 30ರಂದು ಜೇಮ್ಸ್‌ಟೌನಿನ ಚರ್ಚಿನಲ್ಲಿ ಸಭೆ ಸೇರಿತು. ಗವರ್ನರ್, ಅವನ ಕೌನ್ಸಿಲ್‌ನವರು (ಸಲಹೆಗಾರರು), ಊರೂರಿಂದ ಇಬ್ಬಿಬ್ಬರಂತೆ ಬಂದ 22 ಬರ್ಜೆಸರು ಒಂದೇ ಕಡೆ ಸೇರಿದರು. ಹಿಂದೆ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಇದ್ದ ಜಾನ್ ಪೋರಿ ಸ್ಪೀಕರ್ ಆದ. ನಡೆದದ್ದನ್ನೆಲ್ಲ ಬರೆದಿಟ್ಟವನೂ ಅವನೇ.

ಅಲ್ಲಿ ಎದ್ದ ಒಂದು ತಕರಾರು ನನಗೆ ಬಹಳ ಇಷ್ಟ. ಕ್ಯಾಪ್ಟನ್ ಜಾನ್ ಮಾರ್ಟಿನ್ ಎಂಬ ಭೂಮಾಲೀಕನಿಗೆ ಕಂಪನಿ ಒಂದು ವಿಶೇಷ ಪತ್ರ ಕೊಟ್ಟಿತ್ತು. ಅದರ ಪ್ರಕಾರ, ಯುದ್ಧದ ಸಮಯ ಬಿಟ್ಟರೆ ವಸಾಹತಿನ ಅಪ್ಪಣೆ ಅವನ ಜಮೀನಿಗೆ ತಾಗುತ್ತಿರಲಿಲ್ಲ. ಸಭೆಯ ಕಾನೂನು ತನಗೆ ಬೇಡ ಅನ್ನುವವನ ಕಡೆಯವರು ಮಿಕ್ಕವರಿಗೆ ಕಾನೂನು ಮಾಡುವುದು ಹೇಗೆ? ಆ ಹಕ್ಕು ಬಿಟ್ಟುಕೊಡು ಎಂದರೆ ಮಾರ್ಟಿನ್ ಒಪ್ಪಲಿಲ್ಲ. ಅವನ ಇಬ್ಬರು ಪ್ರತಿನಿಧಿಗಳಿಗೆ ಜಾಗ ಸಿಗಲಿಲ್ಲ. ಕಂಪನಿ ಕರೆದ ಸಭೆ ಕಂಪನಿಯದೇ ಪತ್ರವನ್ನು ಪ್ರಶ್ನಿಸಿತ್ತು. ಸ್ವಯಮಾಡಳಿತ ಶುರುವಾದದ್ದು ಎಲ್ಲಿ ಎಂದು ಕೇಳಿದರೆ ನಾನು ತೋರಿಸುವುದು ಇದೇ ಜಾಗವನ್ನು.

ಆಮೇಲೆ ಕಾನೂನುಗಳು. ಒಂದು ಪೌಂಡ್ ತೂಕದ ಉತ್ತಮ ಹೊಗೆಸೊಪ್ಪಿಗೆ 3 ಶಿಲಿಂಗ್, ಎರಡನೇ ದರ್ಜೆಗೆ ಅದರ ಅರ್ಧ, 18 ಪೆನ್ಸ್. ಜೂಜು, ಕುಡಿತ, ಸೋಮಾರಿತನಕ್ಕೆ ಶಿಕ್ಷೆ. ಭಾನುವಾರ ಚರ್ಚಿಗೆ ಬರಲೇಬೇಕು. ರೇಷ್ಮೆಯ ಆಸೆಗೆ, ಏಳು ವರ್ಷ ಕಾಲ ಪ್ರತಿಯೊಬ್ಬರೂ ವರ್ಷಕ್ಕೆ ಆರು ಹಿಪ್ಪುನೇರಳೆ ಗಿಡ ನೆಡಬೇಕು. 16 ದಾಟಿದ ಪ್ರತಿ ಗಂಡಾಳೂ, ಜೀತದಾಳೂ ಸೇರಿ, ಒಂದು ಪೌಂಡ್ ಹೊಗೆಸೊಪ್ಪು ಕೊಡಬೇಕು. ಅದು ಸ್ಪೀಕರ್, ಗುಮಾಸ್ತ ಮೊದಲಾದವರ ಸಂಭಾವನೆಗೆ.

ಸಭೆ ನ್ಯಾಯವನ್ನೂ ತೀರ್ಮಾನಿಸುತ್ತಿತ್ತು. ಥಾಮಸ್ ಗಾರ್ನೆಟ್ ಎಂಬ ಆಳಿನ ಮೇಲೆ ಅವನ ಧಣಿ ಕ್ಯಾಪ್ಟನ್ ವಿಲಿಯಂ ಪೊವೆಲ್ ದೂರು ಕೊಟ್ಟ. ಶಿಕ್ಷೆ ಏನು ಗೊತ್ತಾ? ಕಿವಿಗಳನ್ನು ಮರಕ್ಕೆ ಮೊಳೆ ಹೊಡೆದು ನಾಲ್ಕು ದಿನ ನಿಲ್ಲಿಸುವುದು, ದಿನವೂ ಚಾಟಿಯೇಟು. ಪೊವೆಲ್ ಜೇಮ್ಸ್‌ಟೌನಿನ ಬರ್ಜೆಸ್ ಆಗಿ ಅದೇ ಸಭೆಯಲ್ಲಿ ಕೂತಿದ್ದ.

ಬಿಸಿಲು ಸುಡುತ್ತಿತ್ತು. ಆಗಸ್ಟ್ 1ರಂದು ವಾಲ್ಟರ್ ಶೆಲ್ಲಿ ಎಂಬ ಬರ್ಜೆಸ್ ತೀರಿಕೊಂಡ. ಗವರ್ನರಿಗೂ ಹುಷಾರಿರಲಿಲ್ಲ. ಆಗಸ್ಟ್ 4ಕ್ಕೆ ಸಭೆ ಮುಗಿಸಿದರು.

ಈ ಸಭೆಗೆ ಪೂರ್ತಿ ಅಧಿಕಾರ ಇತ್ತು ಅಂದುಕೊಳ್ಳಬೇಡಿ. ಗವರ್ನರ್ ಬೇಡ ಅಂದರೆ ಮುಗಿಯಿತು. ಲಂಡನ್ನಿನಲ್ಲಿ ಕಂಪನಿ ಒಪ್ಪಬೇಕಿತ್ತು. ಹೆಂಗಸರಿಗೆ ಓಟಿಲ್ಲ, ಪೌಹಟನ್ ಜನರ ಮಾತಂತೂ ಲೆಕ್ಕಕ್ಕೇ ಇಲ್ಲ. ಅದೇ ಆಗಸ್ಟ್ ಕೊನೆಗೆ ‘ವೈಟ್ ಲಯನ್’ ಹಡಗು ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಸೆರೆಯಾಗಿ ತಂದಿತು. ದವಸಧಾನ್ಯ ಕೊಟ್ಟು ಅವರನ್ನು ಕೊಂಡುಕೊಂಡರು. ಗುಲಾಮಗಿರಿಯನ್ನು ಕಾನೂನಾಗಿ ಗಟ್ಟಿ ಮಾಡಿದ್ದು ಮುಂದೆ ಇದೇ ಶಾಸನಸಭೆ.

1624ರಲ್ಲಿ ದೊರೆ ಕಂಪನಿಯ ಸನ್ನದು ರದ್ದುಮಾಡಿ ವಸಾಹತನ್ನು ತನ್ನ ಕೈಗೆ ತೆಗೆದುಕೊಂಡ. ಸಭೆಗೆ ಆಧಾರವೇ ಹೋದಂತಾಯಿತು. ಆದರೂ ವರ್ಜೀನಿಯಾದವರು ಆಗಾಗ ಸೇರುತ್ತಲೇ ಇದ್ದರು. ದೊರೆಯ ಒಪ್ಪಿಗೆ ಅಧಿಕೃತವಾಗಿ ಸಿಕ್ಕಿದ್ದು 1639ರಲ್ಲಿ. 1643ರಲ್ಲಿ ಬರ್ಜೆಸರು ಕೌನ್ಸಿಲ್‌ನಿಂದ ಬೇರೆಯಾಗಿ ಕೂರತೊಡಗಿದರು. ಸರಿಯಾಗಿ ಹೇಳಬೇಕೆಂದರೆ ‘ಹೌಸ್ ಆಫ್ ಬರ್ಜೆಸಸ್’ ಅನ್ನಬೇಕಾದದ್ದು ಅಲ್ಲಿಂದಲೇ. 1619ರದ್ದು ‘ಜನರಲ್ ಅಸೆಂಬ್ಲಿ’. ವರ್ಜೀನಿಯಾದ ಶಾಸಕಾಂಗಕ್ಕೆ ಇವತ್ತಿಗೂ ಅದೇ ಹೆಸರು.