ಕಾಗದದ ಕಡತದಿಂದ ಸಿಎನ್‌ಆರ್‌ವರೆಗೆ: ಇ-ಕೋರ್ಟ್ ಟಿಪ್ಪಣಿ

ದೇಶದ ನ್ಯಾಯಾಲಯಗಳ ಕಡತ, ಕೆಲಸಗಳನ್ನು ಕಂಪ್ಯೂಟರಿಗೆ ತರುವ ಇ-ಕೋರ್ಟ್ ಯೋಜನೆಯ ಪಾಠ ತಲೆಯಲ್ಲಿ ಇನ್ನೂ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇತಿಹಾಸ ಸುಲಭ, ಬೇಗ ಮುಗಿಸೋಣ. 2005ರಲ್ಲಿ ಸುಪ್ರೀಂ ಕೋರ್ಟಿನ ಇ-ಸಮಿತಿ ರಾಷ್ಟ್ರೀಯ ನೀತಿ ಮತ್ತು ಕ್ರಿಯಾಯೋಜನೆಯನ್ನು ಸಿದ್ಧಪಡಿಸಿತು. 2007ರಲ್ಲಿ ಮೊದಲ ಹಂತ, 2015ರಲ್ಲಿ ಎರಡನೆಯದು. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಮೂರನೆಯ ಹಂತಕ್ಕೆ 7,210 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ 2,038.40 ಕೋಟಿ ಕಡತಗಳ ಸ್ಕ್ಯಾನಿಂಗ್, ಡಿಜಿಟಲೀಕರಣ ಮತ್ತು ಸಂರಕ್ಷಣೆಗೇ ಮೀಸಲು.

ಈ ಅಂಕಿಯನ್ನು ನೋಡಿದರೆ ಸ್ಕ್ಯಾನ್ ಮಾಡುವುದೇ ಇಡೀ ಕೆಲಸದ ತಿರುಳು ಎನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಹಾಳೆಯನ್ನು ಯಂತ್ರದೊಳಗೆ ತೂರಿಸಿದರೆ ಚಿತ್ರ ಬರುತ್ತದೆ. ಆ ಚಿತ್ರ ಯಾವ ಊರಿನ, ಯಾವ ನ್ಯಾಯಾಲಯದ, ಯಾವ ಪ್ರಕರಣದ್ದು ಎಂಬುದನ್ನು ಎಂದೂ ಬೆರಕೆಯಾಗದಂತೆ ಅಂಟಿಸಿಡುವುದು ನಿಜವಾದ ಕೆಲಸ. ನನ್ನನ್ನು ಹೆಚ್ಚು ಕಾಡಿದ್ದೂ ಇದೇ. ಆದ್ದರಿಂದ ಇದನ್ನು ನಿಧಾನವಾಗಿ ಬಿಡಿಸುತ್ತೇನೆ.

ಮೂರು ಸಂಖ್ಯೆಗಳ ಗೋಜಲು

ಒಂದೇ ದಾವೆಗೆ ಮೂರು ಸಂಖ್ಯೆಗಳಿರುತ್ತವೆ: ಫೈಲಿಂಗ್ ಸಂಖ್ಯೆ, ನೋಂದಣಿ ಸಂಖ್ಯೆ, ಸಿಎನ್‌ಆರ್ (ಕೇಸ್ ನಂಬರ್ ರೆಕಾರ್ಡ್, ಅಂದರೆ ಇಡೀ ದೇಶದಲ್ಲಿ ಆ ಪ್ರಕರಣಕ್ಕೆ ಮಾತ್ರ ಇರುವ ಗುರುತು). ವಾದಪತ್ರವನ್ನು ಕೌಂಟರಿನಲ್ಲಿ ಸಲ್ಲಿಸಿದಾಗ ಸಿಗುವುದು ಫೈಲಿಂಗ್ ಸಂಖ್ಯೆ. ಆಗ ಅದಿನ್ನೂ ಪರಿಶೀಲನೆಯಲ್ಲಿರುತ್ತದೆ. ನ್ಯಾಯಾಲಯ ಶುಲ್ಕ ಸರಿಯಿದೆಯೇ, ವಕಾಲತ್ತು ಇದೆಯೇ, ಕಾಲಮಿತಿ ಮೀರಿದೆಯೇ ಎಂದು ಕಚೇರಿ ನೋಡುತ್ತದೆ. ಆಕ್ಷೇಪಣೆಗಳು ಸರಿಹೋದ ಮೇಲೆ ನೋಂದಣಿ ಸಂಖ್ಯೆ ಬೀಳುತ್ತದೆ. ವಕೀಲರ ಡೈರಿಯಲ್ಲಿ, ಕಡತದ ಮೇಲ್ಹೊದಿಕೆಯಲ್ಲಿ, ಕಕ್ಷಿದಾರರ ಬಾಯಲ್ಲಿ ಇರುವುದು ಇದೇ, ಉದಾಹರಣೆಗೆ ಓ.ಎಸ್. (ಅಸಲು ದಾವೆ, ಅಂದರೆ ಆ ನ್ಯಾಯಾಲಯದಲ್ಲೇ ಶುರುವಾದ ಸಿವಿಲ್ ದಾವೆ) 100/2019.

ಇಲ್ಲಿ ಸ್ವಲ್ಪ ನಿಲ್ಲಿ. ಓ.ಎಸ್. 100/2019 ಎಂಬ ದಾವೆ ಕರ್ನಾಟಕದಲ್ಲಿ ಒಂದೇ ಇಲ್ಲ. ಆ ವರ್ಷ ನೂರು ಅಸಲು ದಾವೆಗಳು ದಾಖಲಾದ ಪ್ರತಿಯೊಂದು ನ್ಯಾಯಾಲಯದಲ್ಲೂ ಒಂದೊಂದು ಇದೆ. ಅದೇ ನ್ಯಾಯಾಲಯದಲ್ಲಿ ಬೇರೆ ಬಗೆಯ ಪ್ರಕರಣಕ್ಕೂ 100/2019 ಎಂಬ ಸಂಖ್ಯೆ ಬಂದಿರುತ್ತದೆ, ಏಕೆಂದರೆ ಎಣಿಕೆ ಪ್ರತಿ ಬಗೆಗೂ ಒಂದರಿಂದ ಶುರುವಾಗುತ್ತದೆ. ದಾಖಲೆ ಕೊಠಡಿಯಲ್ಲಿ ಇದು ತೊಂದರೆ ಕೊಡುತ್ತಿರಲಿಲ್ಲ. ಕಡತ ಯಾವ ಕಟ್ಟಡದಲ್ಲಿ, ಯಾವ ಬೀರುವಿನಲ್ಲಿ ಇದೆಯೋ ಅದೇ ಅರ್ಧ ವಿಳಾಸವನ್ನು ಹೇಳುತ್ತಿತ್ತು. ದೇಶದ ಕಡತಗಳೆಲ್ಲ ಒಂದೇ ವ್ಯವಸ್ಥೆಗೆ ಬಂದಾಗ ಆ ಕಟ್ಟಡವೂ ಇಲ್ಲ, ಬೀರುವೂ ಇಲ್ಲ. ಅವು ಹೇಳುತ್ತಿದ್ದುದನ್ನು ಈಗ ಸಂಖ್ಯೆಯೇ ಹೇಳಬೇಕು.

ಅದಕ್ಕಾಗಿಯೇ ಸಿಎನ್‌ಆರ್ ಇರುವುದು. ಒಟ್ಟು 16 ಸ್ಥಾನ, ಹೀಗೆ ಓದಿ: ಮೊದಲ 2 ಅಕ್ಷರ ರಾಜ್ಯ (ಕರ್ನಾಟಕಕ್ಕೆ ಕೆಎ), ಮುಂದಿನ 2 ಅಕ್ಷರ ಜಿಲ್ಲೆ, ಆಮೇಲಿನ 2 ಸ್ಥಾನ ಆ ಜಿಲ್ಲೆಯ ಯಾವ ನ್ಯಾಯಾಲಯ ಸಂಕೀರ್ಣ ಅಥವಾ ಘಟಕ ಎಂಬುದು, ನಂತರ 6 ಅಂಕಿಯ ಸರಣಿ ಸಂಖ್ಯೆ, ಕೊನೆಗೆ 4 ಅಂಕಿಯ ವರ್ಷ. ಕರ್ನಾಟಕ ಹೈಕೋರ್ಟಿನದಾದರೆ ಜಿಲ್ಲೆಯ ಜಾಗದಲ್ಲಿ ಎಚ್‌ಸಿ ಇರುತ್ತದೆ. ನಾನು ಇದನ್ನು 2-2-2-6-4 ಎಂದು ಬಾಯಿಪಾಠ ಮಾಡಿಕೊಂಡಿದ್ದೇನೆ. ಹುಡುಕುವಾಗ ನಡುವೆ ಅಡ್ಡಗೆರೆಯನ್ನಾಗಲಿ ಖಾಲಿ ಜಾಗವನ್ನಾಗಲಿ ಹಾಕಬಾರದು.

ಆ ಆರು ಅಂಕಿಗಳು ಓ.ಎಸ್. ಸಂಖ್ಯೆಯೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಲ್ಲ ಎಂಬುದನ್ನು ನಿಯಮ ಓದದೆಯೂ ಕಂಡುಕೊಳ್ಳಬಹುದು. ಹದಿನಾರು ಸ್ಥಾನಗಳಲ್ಲಿ ಪ್ರಕರಣದ ಬಗೆಯನ್ನು ಹೇಳುವ ಸ್ಥಾನ ಎಲ್ಲಿದೆ? ಎಲ್ಲಿಯೂ ಇಲ್ಲ. ಹಾಗಿದ್ದಮೇಲೆ ಸಿವಿಲ್ ದಾವೆಯೂ ಕ್ರಿಮಿನಲ್ ಪ್ರಕರಣವೂ ಒಂದೇ ಸಾಲಿನಲ್ಲಿ ನಿಂತು ಸರಣಿ ಸಂಖ್ಯೆ ಪಡೆಯಲೇಬೇಕು. ಇಲ್ಲವಾದರೆ ಎರಡಕ್ಕೆ ಒಂದೇ ಸಿಎನ್‌ಆರ್ ಬಂದುಬಿಡುತ್ತದೆ. ಈ ತರ್ಕ ಹೊಳೆದ ಮೇಲೆ ನನಗೆ ಉಳಿದದ್ದೆಲ್ಲ ಸಲೀಸಾಯಿತು. ಇನ್ನೊಂದು ವಿಷಯ: ಮೇಲ್ಮನವಿಗೆ, ಅಮಲ್ಜಾರಿ ಅರ್ಜಿಗೆ (ಡಿಕ್ರಿಯನ್ನು ಜಾರಿಗೊಳಿಸಿ ಎಂದು ಕೇಳುವ ಅರ್ಜಿ) ಬೇರೆ ಬೇರೆ ಸಿಎನ್‌ಆರ್. ಜಗಳ ಒಂದೇ ಆದರೂ ಪ್ರಕರಣಗಳು ಬೇರೆ.

ಹೆಸರಿನಿಂದ ಹುಡುಕಿದರಾಯಿತಲ್ಲ ಎನ್ನಬಹುದು. ಲಕ್ಷ್ಮಮ್ಮ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ನಮೂದಿಸುವಾಗ ಒಬ್ಬ ಸಿಬ್ಬಂದಿ ಎಕ್ಸ್ ಅಕ್ಷರ ಹಾಕುತ್ತಾರೆ, ಇನ್ನೊಬ್ಬರು ಕೆ, ಎಸ್, ಎಚ್ ಎಂದು ಬರೆಯುತ್ತಾರೆ, ಮತ್ತೊಬ್ಬರು ಕೊನೆಯ ಎಂ ಒಂದನ್ನು ಬಿಡುತ್ತಾರೆ. ಊರಿನ ಮುದುಕಿಯೊಬ್ಬರ ಜಮೀನಿನ ದಾವೆ ದಾಖಲೆಯಲ್ಲಿ ಇದ್ದೂ ಕಾಣಿಸದೆ ಹೋಗಲು ಇಷ್ಟು ಸಾಕು. ಕಕ್ಷಿದಾರರ ಕೈಯಲ್ಲಿ ಸಿಎನ್‌ಆರ್ ಬರೆದ ಚೀಟಿ ಇರಲೇಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಕಣ್ಣಿಗೆ ಒಂದೇ, ಯಂತ್ರಕ್ಕೆ ಮೂರು

ಪರದೆಯ ಮೇಲೆ ಕಾಣುವ ಕನ್ನಡ ಪುಟ ಮೂರು ಬಗೆಯದ್ದಾಗಿರಬಹುದು. ಒಂದು, ಬರೀ ಸ್ಕ್ಯಾನ್ ಚಿತ್ರ. ಎರಡು, ನುಡಿ ಅಥವಾ ಬರಹ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದು. ಇದರೊಳಗೆ ನಿಜಕ್ಕೂ ಇರುವುದು ರೋಮನ್ ಅಕ್ಷರಗಳ ಸಂಕೇತಗಳು, ಫಾಂಟ್ ಅವುಗಳಿಗೆ ಕನ್ನಡದ ಆಕಾರ ತೊಡಿಸಿರುತ್ತದೆ. ಮೂರು, ಯೂನಿಕೋಡ್, ಇದರಲ್ಲಿ ಕನ್ನಡ ಅಕ್ಷರಗಳಿಗೇ ಸ್ವಂತ ಸಂಕೇತಗಳಿವೆ. ಪರೀಕ್ಷೆ ಸುಲಭ: ಒಂದು ಪದವನ್ನು ನಕಲಿಸಿ ಬೇರೆಡೆ ಅಂಟಿಸಿ. ಏನೂ ಆಯ್ಕೆಯಾಗದಿದ್ದರೆ ಚಿತ್ರ, ಅರ್ಥವಿಲ್ಲದ ರೋಮನ್ ಗೀಚು ಬಂದರೆ ಹಳೆಯ ಫಾಂಟ್, ಕನ್ನಡವೇ ಬಂದರೆ ಯೂನಿಕೋಡ್.

ಎರಡನೆಯದನ್ನು ಪರಿವರ್ತಕದಿಂದ ಸರಿಪಡಿಸಬಹುದು. ಮೊದಲನೆಯದಕ್ಕೆ ಓಸಿಆರ್ (ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರಾಂಶ) ಬೇಕು. ಅದು ಶುದ್ಧ ಮುದ್ರಣವನ್ನು ಓದುತ್ತದೆ, ಆದರೆ ಮಾಸಿದ ಬೆರಳಚ್ಚಿನ ಒತ್ತಕ್ಷರಗಳಲ್ಲಿ ತಡವರಿಸುತ್ತದೆ. ಕೈಬರಹದ ಹಳೆಯ ಕ್ರಯಪತ್ರ, ಆರ್ಡರ್ ಶೀಟಿನ ಅವಸರದ ಸಾಲುಗಳು ಎದುರಾದರೆ ಅದನ್ನು ನಂಬಲಾಗದು. ಅಂಥ ಪುಟಗಳನ್ನು ಹುಡುಕಲು ಮನುಷ್ಯರು ನಮೂದಿಸಿದ ವಿವರಗಳೇ ಗತಿ: ಸಿಎನ್‌ಆರ್, ದಾಖಲೆಯ ಬಗೆ, ದಿನಾಂಕ, ಪುಟಸಂಖ್ಯೆ.

ಉಳಿದದ್ದು, ಚುಟುಕಾಗಿ

ಪಿಡಿಎಫ್/ಎ: ದೀರ್ಘಕಾಲದ ಸಂಗ್ರಹಕ್ಕೆ ಮಾಡಿದ ಮಾದರಿ. ಫಾಂಟುಗಳು ಕಡತದೊಳಗೇ ಇರಬೇಕು, ಗುಪ್ತಲಿಪೀಕರಣ ಇರಬಾರದು. ಹಾಗಿದ್ದರೆ ಮುಂದೆ ಯಾವ ಯಂತ್ರದಲ್ಲಿ ತೆರೆದರೂ ಪುಟ ಹಾಗೆಯೇ ಕಾಣಬೇಕು.

ಮೂಲ ಕಾಗದ: ಸ್ಕ್ಯಾನ್ ಆಯಿತೆಂದು ಹರಿದು ಹಾಕುವಂತಿಲ್ಲ. ದಾಖಲೆ ನಾಶಕ್ಕೆ 1917ರ ಕಾಯಿದೆಯೇ ಇದೆ, ಅದರಡಿ ಹೈಕೋರ್ಟು ನಿಯಮ ಮಾಡುತ್ತದೆ.

ಸಾಕ್ಷ್ಯ: 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರಕ್ಕೆ ಹಳೆಯ ಸಾಕ್ಷ್ಯ ಕಾಯಿದೆಯ 65ಬಿ ಬದಲು ಈಗ ಇದರ ಕಲಂ 63 ನೋಡಬೇಕು. ಇ-ಕೋರ್ಟ್ ತಾಣದಿಂದ ಇಳಿಸಿಕೊಂಡ ಆದೇಶದ ಪ್ರತಿ ಓದಿಕೊಳ್ಳಲು, ವಕೀಲರಿಗೆ ತೋರಿಸಲು ಸಾಕು. ಅದು ದೃಢೀಕೃತ ನಕಲಲ್ಲ. ದೃಢೀಕೃತ ನಕಲೇ ಬೇಕಿದ್ದರೆ ಕಲಂ 75ರ ಪ್ರಕಾರ ಶುಲ್ಕ ಕಟ್ಟಿ ಅರ್ಜಿ ಹಾಕಿ ಪಡೆಯಬೇಕು, ಮತ್ತು ಮೇಲ್ಮನವಿ ಹಾಕುವುದಿದ್ದರೆ ಆ ಅರ್ಜಿಯನ್ನು ತೀರ್ಪು ಬಂದ ದಿನವೇ ಹಾಕುವುದು ಒಳ್ಳೆಯದು.